ನಮ್ಮ ತವಾದ ಮೇಲೆ ಎಂಚಿಲಾಡ



ಇಡ್ಲಿ-ದೋಸೆಯ ಮುಂಬಯಿ ಉಡುಪಿ ಹೋಟೆಲಿಗೆ ಪಾವ್ ಭಾಜಿ, ಪಂಜಾಬಿ, ಚೈನೀಸ್ ಸೇರಿ ಬಹಳ ಕಾಲವಾಯಿತು. ಘಾಟ್ಕೋಪರಿನ ಖಾವು ಗಲ್ಲಿಯಲ್ಲಿ ದೋಸೆಯೊಳಗೆ ಚೀಸೂ ಸೇರಿತು. ಈಗ ಉಪನಗರಗಳ ಕಾಲೇಜು ಹುಡುಗರೂ ಗುಜರಾತಿ ಕುಟುಂಬಗಳೂ ಮೆಕ್ಸಿಕನ್ ಐಟಂ ಕೇಳುತ್ತಾರೆ. ಕೇಳಿದರೆಂದು ಪ್ಯಾಕೆಟ್ ರೊಟ್ಟಿ, ಬಾಟಲಿ ಸಾಸ್ ತಂದಿಟ್ಟು, ದಿನಕ್ಕೆ ಎರಡು ಪ್ಲೇಟೂ ಹೋಗದೆ ಕೊನೆಗೆ ಎಸೆಯುವುದು ನಮ್ಮಲ್ಲಿ ಹಲವರ ಅನುಭವ. ಆದುದರಿಂದ ಹೊಸ ದಾಸ್ತಾನು ಹೆಚ್ಚಿಸದೆ ಮಾಡಬಹುದಾದ ಎಂಚಿಲಾಡದ ವಿಷಯ ಇಲ್ಲಿ ಬರೆಯುತ್ತಿದ್ದೇವೆ.

ಎಂಚಿಲಾಡ ಎಂದರೆ 'ಮೆಣಸು ಹಚ್ಚಿದ್ದು' ಎಂದರ್ಥ. ಜೋಳದ (ಮಕ್ಕಾ) ತೆಳು ರೊಟ್ಟಿಯನ್ನು ಮೆಣಸಿನ ಸಾಸಿನಲ್ಲಿ ಅದ್ದಿ, ಹೂರಣ ಇಟ್ಟು ಸುತ್ತಿದ ತಿಂಡಿ. ಜೀವ ಇರುವುದು ಸಾಸಿನಲ್ಲಿ; ಟೊಮೆಟೊ ಕೆಚಪ್ ಸುರಿದರೆ ಅದು ಎಂಚಿಲಾಡ ಅಲ್ಲ. ಮೆಣಸು, ಮಕ್ಕಾ, ಟೊಮೆಟೊ, ರಾಜ್ಮಾ ಎಲ್ಲವೂ ಅಮೆರಿಕ ಖಂಡದಿಂದಲೇ ನಮ್ಮ ದೇಶಕ್ಕೆ ಬಂದವು. ಇಂದು ನಮ್ಮ ಉಗ್ರಾಣದಲ್ಲೇ ಇವೆ.

೧೦ ಪ್ಲೇಟಿಗೆ (೨೦ ರೋಲ್) ಅಳತೆ:

ಸಾಸ್: ಬ್ಯಾಡಗಿ ಮೆಣಸು ೫೦ ಗ್ರಾಂ, ಟೊಮೆಟೊ ೧.೨೫ ಕಿಲೊ, ನೀರುಳ್ಳಿ ೨೫೦ ಗ್ರಾಂ, ಬೆಳ್ಳುಳ್ಳಿ ೩೦ ಗ್ರಾಂ, ಎಣ್ಣೆ ೭೫ ಮಿ.ಲೀ., ಜೀರಿಗೆ, ಉಪ್ಪು, ಚೂರು ಬೆಲ್ಲ. ಮೆಣಸಿನ ಬೀಜ ತೆಗೆದು ಬಿಸಿನೀರಿನಲ್ಲಿ ೨೦ ನಿಮಿಷ ನೆನೆಸಿ, ನುಣ್ಣಗೆ ರುಬ್ಬಿ ಸೋಸಿರಿ. ಎಣ್ಣೆಯಲ್ಲಿ ಜೀರಿಗೆ, ಬೆಳ್ಳುಳ್ಳಿ, ನೀರುಳ್ಳಿ ಬಾಡಿಸಿ, ಮೆಣಸು ಹಾಕಿ ಸಣ್ಣ ಉರಿಯಲ್ಲಿ ಹುರಿಯಿರಿ, ಹೊತ್ತಿದರೆ ಕಹಿ. ಬಳಿಕ ಟೊಮೆಟೊ ರಸ ಸೇರಿಸಿ, ಚಮಚಕ್ಕೆ ಅಂಟುವಷ್ಟು ಕುದಿಸಿರಿ. ಬ್ಯಾಡಗಿ ಬಣ್ಣ ಕೊಡುತ್ತದೆ, ಖಾರ ಕಡಿಮೆ. ಆದ್ದರಿಂದ ಮಕ್ಕಳೂ ತಿನ್ನುತ್ತಾರೆ.

ಹೂರಣ: ರಾಜ್ಮಾ ೪೦೦ ಗ್ರಾಂ, ಕ್ಯಾಪ್ಸಿಕಂ ೧೫೦ ಗ್ರಾಂ, ಸ್ವೀಟ್ ಕಾರ್ನ್ ೧೫೦ ಗ್ರಾಂ. ರಾಜ್ಮಾ ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಕುಕ್ಕರಿನಲ್ಲಿ ಪೂರ್ತಿ ಬೇಯಿಸಬೇಕು. ಅರೆಬೆಂದ ರಾಜ್ಮಾ ಹೊಟ್ಟೆ ಕೆಡಿಸುತ್ತದೆ.

ರೊಟ್ಟಿ: ಮೆಕ್ಸಿಕೊದಲ್ಲಿ ಮಕ್ಕಾ ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ಅರೆಯುವುದರಿಂದ ಹಿಟ್ಟು ಅಂಟಿಕೊಳ್ಳುತ್ತದೆ. ನಮ್ಮ ಮಕ್ಕಾ ಹಿಟ್ಟಿನ ರೊಟ್ಟಿ ಸುತ್ತುವಾಗ ಒಡೆಯುತ್ತದೆ. ಅದಕ್ಕೆ ೩೫೦ ಗ್ರಾಂ ಮಕ್ಕಾ ಹಿಟ್ಟಿಗೆ ಕುದಿನೀರು ಹಾಕಿ ಕಲಸಿ, ೨೦೦ ಗ್ರಾಂ ಗೋಧಿ ಹಿಟ್ಟು ಸೇರಿಸಿ ನಾದಿರಿ. ಬೇಯಿಸಿದ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿಡಿ.

ಇನ್ನು ಓವನ್ ಬೇಡ, ಪಾವ್ ಭಾಜಿ ತವಾ ಸಾಕು. ಆರ್ಡರ್ ಬಂದ ಮೇಲೆ ರೊಟ್ಟಿಯನ್ನು ಬಿಸಿ ಎಣ್ಣೆಯ ಮೇಲೆ ಎರಡೂ ಕಡೆ ಹತ್ತು ಸೆಕೆಂಡ್ ತಿರುವಿರಿ. ಎಣ್ಣೆಯ ಪದರ ಇದ್ದರೆ ಸಾಸಿನಲ್ಲಿ ಬೇಗ ಕರಗದು. ಸಾಸಿನಲ್ಲಿ ಅದ್ದಿ, ಹೂರಣವಿಟ್ಟು ಸುತ್ತಿ, ಮಡಿಕೆ ಕೆಳಗಿಡಿ. ಮೇಲೆ ಸಾಸ್, ಸ್ವಲ್ಪ ಚೀಸ್ ಹಾಕಿ, ಬದಿಗೆ ನಾಲ್ಕು ಹನಿ ನೀರು ಚಿಮುಕಿಸಿ ಎರಡು ನಿಮಿಷ ಮುಚ್ಚಿಡಿ. ಸಾಸ್, ಹೂರಣ ತಯಾರಿದ್ದರೆ ಮಸಾಲೆ ದೋಸೆಗಿಂತ ಹೆಚ್ಚು ಹೊತ್ತು ಬೇಡ.

ಬದಲಾವಣೆಗೆ ಕೆಲವು ದಾರಿಗಳು:

* ಜೈನ್: ನೀರುಳ್ಳಿ, ಬೆಳ್ಳುಳ್ಳಿ ಬಿಟ್ಟು ಇಂಗು ಹಾಕಿರಿ. ಸಾಸಿನ ಪಾತ್ರೆ, ಸೌಟು ಬೇರೆ ಇರಲಿ.
* ಹಸಿರು: ಕಾಯಿ ಟೊಮೆಟೊ, ಹಸಿಮೆಣಸು, ಕೊತ್ತಂಬರಿ ಬೇಯಿಸಿ ರುಬ್ಬಿದ ಸಾಸ್, ಪನೀರ್ ಹೂರಣ.
* ಪದರ: ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಸುತ್ತದೆ, ಒಂದರ ಮೇಲೊಂದು ಪೇರಿಸಿಯೂ ಕೊಡುತ್ತಾರೆ. ಒಡೆದ ರೊಟ್ಟಿಯೂ ವ್ಯರ್ಥವಾಗದು.
* ಸೆಟ್ ದೋಸೆ: ದಪ್ಪ, ಮೆತ್ತಗಿನ ದೋಸೆ ಸಾಸ್ ಚೆನ್ನಾಗಿ ಹೀರುತ್ತದೆ. ಇದಕ್ಕೆ 'ಎಂಚಿಲಾಡ ದೋಸೆ' ಎಂದೇ ಹೆಸರಿಡಿ. ಗಿರಾಕಿಗೆ ಸುಳ್ಳು ಹೇಳಿದಂತಾಗದು.

ಮದುವೆ, ಪಾರ್ಟಿಗಳಲ್ಲಿ ತಯಾರಿಸಿ ಚೇಫಿಂಗ್ ಡಿಶ್ಶಿನಲ್ಲಿಟ್ಟರೆ ಅರ್ಧ ಗಂಟೆಯಲ್ಲಿ ಮುದ್ದೆಯಾಗುತ್ತದೆ. ಲೈವ್ ಕೌಂಟರಿನಲ್ಲಿ ಅಂಗೈಯಗಲದ ರೊಟ್ಟಿಯಲ್ಲಿ ಸುತ್ತಿ ಕೊಡಿ. ಸಾಸ್, ಹೂರಣ ೬೦ ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಬಿಸಿ ಇರಲಿ. ಇಲ್ಲವೇ ಫ್ರಿಜ್ಜಿನಲ್ಲಿ ೫ ಡಿಗ್ರಿಗಿಂತ ಕೆಳಗೆ. ಚೀಸ್ ಬದಲು ಅಗ್ಗದ ಅನಲಾಗ್ ಬಳಸಿದರೆ ಮೆನುವಿನಲ್ಲಿ 'ಚೀಸ್' ಎಂದು ಬರೆಯಬೇಡಿ. ಅದು ಕಾನೂನಿಗೂ ನಮ್ಮ ಹೆಸರಿಗೂ ಕೇಡು.

ಕೊನೆಗೊಂದು ಮಾತು. ಐಟಂ ಕಲಿತ ಭಟ್ಟರು ಊರಿಗೆ ಹೋದೊಡನೆ ರುಚಿ ಕೆಡುವುದು ನಮ್ಮ ಹಳೆಯ ಕಾಯಿಲೆ. ಮೇಲಿನ ಅಳತೆಯನ್ನು ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿ, ಇಬ್ಬರಿಗೆ ಕಲಿಸಿ. ಮೊದಲ ಹದಿನೈದು ದಿನ ಮೆನು ಕಾರ್ಡ್ ಮುದ್ರಿಸದೆ ಬೋರ್ಡಿನ ಮೇಲೆ ಬರೆದು, ಎಷ್ಟು ಪ್ಲೇಟ್ ಹೋಯಿತು, ಎಷ್ಟು ಉಳಿಯಿತು ಎಂದು ಗಲ್ಲಾದಲ್ಲಿ ಲೆಕ್ಕವಿಡಿ. ಹೋಗದಿದ್ದರೂ ಚಿಂತೆಯಿಲ್ಲ: ರಾಜ್ಮಾ ಪಂಜಾಬಿಗೆ, ಟೊಮೆಟೊ ಪಾವ್ ಭಾಜಿಗೆ, ಮೆಣಸು ಸಾಂಬಾರಿಗೆ ಇದ್ದೇ ಇದೆ.