ಐವತ್ತು ಪೀಸಿನ ಆರ್ಡರಿಗೆ ಎಂಥ ಸಿಎನ್‌ಸಿ ಲೇತ್?

ಬೆಂಗಳೂರಿನ ಪೀಣ್ಯದ ಅಡ್ಡರಸ್ತೆಗಳಲ್ಲಿ ಸಣ್ಣ ಶೆಡ್‌ಗಳಿಗೆ ಲೆಕ್ಕವಿಲ್ಲ. ಒಳಗೆ ಒಂದೆರಡು ಸೆಂಟರ್ ಲೇತ್, ಒಂದು ಡ್ರಿಲ್ಲಿಂಗ್ ಮಷಿನ್, ಗೋಡೆಯ ಮೇಲೆ ದೇವರ ಪಟ. ಮಾಲೀಕರಲ್ಲಿ ಎಷ್ಟೋ ಮಂದಿ ಒಂದು ಕಾಲಕ್ಕೆ ಬೇರೆಯವರ ಫ್ಯಾಕ್ಟರಿಯಲ್ಲಿ ಟರ್ನರ್ ಆಗಿದ್ದವರು, ಹಳೆಯ ಎಚ್‌ಎಂಟಿ ಲೇತಿನ ಸದ್ದು ಕೇಳಿಯೇ ಟೂಲ್ ಸವೆದಿದೆ ಎಂದು ಹೇಳಬಲ್ಲವರು. ಈಗ ಅವರ ಬಳಿಗೆ ಬರುವ ಪಾರ್ಟಿಗಳ ಬೇಡಿಕೆ ಬೇರೆ ಥರದ್ದು. ಮೂವತ್ತು ಬುಷ್, ಐವತ್ತು ಶಾಫ್ಟ್, ನೂರು ಹಿತ್ತಾಳೆ ಫಿಟಿಂಗ್. ಎಲ್ಲವೂ ಒಂದೇ ಅಳತೆಯಲ್ಲಿರಬೇಕು, ಜೊತೆಗೆ ಇನ್‌ಸ್ಪೆಕ್ಷನ್ ರಿಪೋರ್ಟೂ ಬೇಕು. ಆಗ ಮಾಲೀಕರ ತಲೆಯಲ್ಲಿ ಹುಟ್ಟುವ ಮಾತು: ‘ಒಂದು ಸಿಎನ್‌ಸಿ ಹಾಕಿಬಿಡೋಣ.’

ಹಾಕುವುದು ಸರಿ. ಆದರೆ ಕ್ಯಾಟಲಾಗ್‌ನಲ್ಲಿ ದಪ್ಪಕ್ಷರದಲ್ಲಿ ಅಚ್ಚಾದ ಸಂಗತಿಗಳು ಸಣ್ಣ ಆರ್ಡರ್ ಮಾಡುವವರಿಗೆ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಸ್ಪಿಂಡಲ್ ನಿಮಿಷಕ್ಕೆ 4500 ಸುತ್ತು ತಿರುಗುತ್ತದೆ, ಟೂಲ್ ಮಿಂಚಿನಂತೆ ಓಡುತ್ತದೆ ಎನ್ನುವುದೆಲ್ಲ ತಿಂಗಳಿಗೆ ಇಪ್ಪತ್ತು ಸಾವಿರ ಪೀಸ್ ತೆಗೆಯುವವರ ಚಿಂತೆ. ಐವತ್ತು ಪೀಸ್ ಮಾಡುವವರ ಹಣ ಸೋರುವುದು ಸೆಟ್ಟಿಂಗ್‌ನಲ್ಲಿ. ಐದು ದೋಸೆ ಹುಯ್ಯಲು ಅರ್ಧ ಗಂಟೆ ಹೆಂಚು ಕಾಯಿಸಿದ ಹಾಗೆ.

ಲೆಕ್ಕ ಹಾಕಿ ನೋಡಿ. ಒಂದು ಪೀಸಿಗೆ 3 ನಿಮಿಷ ಹಿಡಿದರೆ 50 ಪೀಸಿಗೆ 150 ನಿಮಿಷ. ಚಕ್ಕಿನ ಜಾ ಬದಲಿಸಿ, ಟೂಲ್ ಕಟ್ಟಿ, ಆಫ್‌ಸೆಟ್ (ಟೂಲ್ ತುದಿಯ ಸ್ಥಾನದ ಲೆಕ್ಕ) ತೆಗೆದು, ಮೊದಲ ಪೀಸ್ ಓಕೆ ಆಗುವಷ್ಟರಲ್ಲಿ 120 ನಿಮಿಷ ಹೋಗಿರುತ್ತದೆ. ಇನ್ನಷ್ಟು ದುಬಾರಿ, ಇನ್ನಷ್ಟು ವೇಗದ ಮಷಿನ್ ತಂದು ಪೀಸಿಗೆ ಅರ್ಧ ನಿಮಿಷ ಉಳಿಸಿದರೂ ಒಟ್ಟು ಉಳಿತಾಯ 25 ನಿಮಿಷವಷ್ಟೇ. ಸೆಟ್ಟಿಂಗನ್ನು 45 ನಿಮಿಷಕ್ಕೆ ಇಳಿಸಿದರೆ 75 ನಿಮಿಷ ಉಳಿಯುತ್ತದೆ. ಹಾಗಾಗಿ ಮಷಿನ್ ಮಾರಲು ಬಂದವರನ್ನು ಮೊದಲು ಕೇಳಬೇಕಾದ್ದು ‘ಎಷ್ಟು ಬೇಗ ಕತ್ತರಿಸುತ್ತೆ?’ ಅಂತಲ್ಲ, ‘ಒಂದು ಕೆಲಸದಿಂದ ಇನ್ನೊಂದಕ್ಕೆ ಎಷ್ಟು ಬೇಗ ಹೊರಳುತ್ತೆ?’ ಅಂತ.

ಇಲ್ಲಿ ಮೊದಲ ಕವಲು ಗ್ಯಾಂಗ್ ಟೂಲಿಂಗ್ ಮತ್ತು ಟರೆಟ್. ಗ್ಯಾಂಗ್ ಮಷಿನ್‌ನಲ್ಲಿ ಟೂಲ್‌ಗಳು ಒಂದು ಪ್ಲೇಟಿನ ಮೇಲೆ ಸಾಲಾಗಿ ನಿಂತಿರುತ್ತವೆ. ಟೂಲ್‌ಗಳನ್ನು ಹೊತ್ತು ತಿರುಗುವ ಟರೆಟ್ ಇಲ್ಲ, ಆದ್ದರಿಂದ ಬೆಲೆ ಕಡಿಮೆ, ಕೆಡುವುದೂ ಕಡಿಮೆ. ಬಾರಿನಿಂದ ತೆಗೆಯುವ ಸಣ್ಣ ಹಿತ್ತಾಳೆ, ಅಲ್ಯೂಮಿನಿಯಂ ಪೀಸ್‌ಗಳಿಗೆ ಇದಕ್ಕಿಂತ ಲಾಭದ ಮಷಿನ್ ಇಲ್ಲ. ಆದರೆ ಪೀಸ್ ದಪ್ಪವಾದ ಕೂಡಲೇ ಪಕ್ಕದ ಟೂಲ್ ಅಡ್ಡ ಬರುತ್ತದೆ, ಉದ್ದದ ಬೋರಿಂಗ್ ಬಾರ್ ಕಟ್ಟಿದರೆ ಚಕ್ಕಿಗೆ ತಾಗುವ ಭಯ. ಇವತ್ತು ಬುಷ್, ನಾಳೆ ಫ್ಲೇಂಜ್, ನಾಡಿದ್ದು ಶಾಫ್ಟ್ ಎನ್ನುವ ಜಾಬ್ ವರ್ಕ್ ಶೆಡ್‌ಗೆ ಎಂಟು ಸ್ಟೇಷನ್ ಟರೆಟ್ ಇರಲೇಬೇಕು ಎಂಬುದು ನನ್ನ ಅಭಿಪ್ರಾಯ. ಫೇಸಿಂಗ್, ರಫಿಂಗ್, ಫಿನಿಷಿಂಗ್, ಬೋರಿಂಗ್, ಥ್ರೆಡ್ಡಿಂಗ್ ಟೂಲ್‌ಗಳು ಆಯಾ ಸ್ಟೇಷನ್‌ನಲ್ಲೇ ಕಾಯಂ ಇದ್ದರೆ ಅರ್ಧ ಸೆಟ್ಟಿಂಗ್ ಮುಗಿದಂತೆ. ಬಜೆಟ್‌ನಲ್ಲಿ ಸ್ವಲ್ಪ ಹಣ ಮಿಕ್ಕಿದರೆ ಹೆಚ್ಚು ವೇಗದ ಸ್ಪಿಂಡಲ್‌ಗೆ ಸುರಿಯಬೇಡಿ, ಟೂಲ್ ಸೆಟ್ಟರ್ ಹಾಕಿಸಿಕೊಳ್ಳಿ. ಟೂಲಿನ ತುದಿ ಅದಕ್ಕೆ ತಾಗಿದರೆ ಆಫ್‌ಸೆಟ್ ತಾನಾಗಿ ದಾಖಲಾಗುತ್ತದೆ.

ಅಳತೆಯ ವಿಷಯದಲ್ಲಿ ಹಲವರು ಎಡವುವುದು ಸ್ಪಿಂಡಲ್ ತೂತಿನ ಲೆಕ್ಕದಲ್ಲಿ. ಹೈಡ್ರಾಲಿಕ್ ಚಕ್ ಇದ್ದರೆ ಸ್ಪಿಂಡಲ್ ಒಳಗೆ ಡ್ರಾ ಟ್ಯೂಬ್ ಕೂರುತ್ತದೆ; ಅದರೊಳಗೆ ಉಳಿಯುವ ಜಾಗದಷ್ಟು ದಪ್ಪದ ಬಾರ್ ಮಾತ್ರ ತೂರುತ್ತದೆ. ಮೋಟರ್ ಶಕ್ತಿ 5.5/7.5 ಕಿಲೋವ್ಯಾಟ್ ಎಂದು ಬರೆದಿದ್ದರೆ ಮೊದಲನೆಯದೇ ನಿಜವಾದ ಲೆಕ್ಕ, ಎರಡನೆಯದು ಕೆಲವು ನಿಮಿಷಗಳ ಮಟ್ಟಿಗಷ್ಟೇ. ಸಣ್ಣ ಜಾಬ್‌ಗಳಿಗೆ 165 ಮಿಲಿಮೀಟರ್ ಚಕ್ ಸಾಕು. ಬಿಡಿಸಿ ಹೇಳುವಷ್ಟು ದೊಡ್ಡ ವಿಷಯ ಬೆಡ್‌ನದ್ದಲ್ಲ: ಓರೆ ಬೆಡ್ ಆದರೆ ಚಿಪ್ಸ್ ಕೆಳಗೆ ಜಾರುತ್ತದೆ, ಅಷ್ಟು ಒಳ್ಳೆಯದು. ಎಲ್‌ಎಂ (ಲೀನಿಯರ್ ಮೋಷನ್) ಗೈಡ್‌ವೇ ಹಗುರವಾಗಿ ಓಡುತ್ತದೆ, ಬಾಕ್ಸ್ ಗೈಡ್‌ವೇ ಭಾರಿ ಕಟಿಂಗ್‌ನ ಅದುರಾಟ ತಡೆಯುತ್ತದೆ. ಬಾರ್ ಕೆಲಸಕ್ಕೆ ಎಲ್‌ಎಂ, ಒರಟು ಕಾಸ್ಟಿಂಗ್ ಕೆಲಸಕ್ಕೆ ಬಾಕ್ಸ್. ಫೌಂಡ್ರಿಗಳ ಊರಾದ ಬೆಳಗಾವಿಯಲ್ಲಿ ಈ ಎರಡನೆಯದನ್ನು ಕೇಳುವವರಿದ್ದರೆ ಅಚ್ಚರಿಯಿಲ್ಲ.

ಕಂಟ್ರೋಲರ್ ಬಗ್ಗೆ ಫ್ಯಾನುಕ್ ಮೇಲೋ ಸೀಮೆನ್ಸ್ ಮೇಲೋ ಎಂಬ ವಾದ ಚಹಾ ಅಂಗಡಿಯಲ್ಲಿ ಮುಗಿಯುವುದೇ ಇಲ್ಲ. ಎರಡೂ ಒಳ್ಳೆಯವೇ. ನೋಡಬೇಕಾದ್ದು, ನಿಮ್ಮ ಆಪರೇಟರ್ ಇದ್ದಕ್ಕಿದ್ದಂತೆ ಕೆಲಸ ಬಿಟ್ಟರೆ ಅದೇ ಏರಿಯಾದಲ್ಲಿ ಯಾವ ಕಂಟ್ರೋಲರ್ ಬಲ್ಲ ಹುಡುಗ ಸಿಗುತ್ತಾನೆ ಎಂಬುದು. ಯಾರೂ ಕೇಳಿರದ ಅಗ್ಗದ ಕಂಟ್ರೋಲರ್ ಇರುವ ಮಷಿನ್‌ನಲ್ಲಿ ಉಳಿಸಿದ ಹಣ, ಆಪರೇಟರ್ ಇಲ್ಲದೆ ಮಷಿನ್ ನಿಂತ ಒಂದು ವಾರದಲ್ಲೇ ಕರಗುತ್ತದೆ.

ಮಷಿನ್ ಬಲ್ಲವರು, ಸರ್ವಿಸ್ ಸಿಗುವ ವಿಷಯದಲ್ಲಿ ಬೆಂಗಳೂರಿನವರು ಪುಣ್ಯವಂತರು. 1953ರಲ್ಲಿ ಎಚ್‌ಎಂಟಿ ಇಲ್ಲಿ ಬೇರೂರಿದ್ದರಿಂದ ಲೇತ್ ಕಟ್ಟುವ, ರಿಪೇರಿ ಮಾಡುವ ಕೈಗಳು ಈ ಊರಲ್ಲಿ ತಲೆಮಾರುಗಳಿಂದ ಇವೆ. ಏಸ್ ಡಿಸೈನರ್ಸ್ ಪೀಣ್ಯದ್ದೇ ಕಂಪನಿ. ಅದರ ಒಂದು ಮಾದರಿಯ ಹೆಸರೇ ಜಾಬರ್. ಕೊಯಮತ್ತೂರಿನ ಎಲ್‌ಎಂಡಬ್ಲ್ಯೂ, ರಾಜಕೋಟ್‌ನ ಜ್ಯೋತಿ ಕೂಡ ಇದೇ ವರ್ಗದ ಲೇತ್ ಮಾಡುತ್ತವೆ. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲೋ ಶಿವಮೊಗ್ಗದಲ್ಲೋ ಶೆಡ್ ಇರುವವರು ಮಾತ್ರ ಬ್ರ್ಯಾಂಡ್ ನೋಡುವ ಮೊದಲು ಸರ್ವಿಸ್ ಎಂಜಿನಿಯರ್ ಯಾವ ಊರಿನಿಂದ ಬರಬೇಕು, ಬಿಡಿಭಾಗ ಎಲ್ಲಿ ದಾಸ್ತಾನಿದೆ ಎಂದು ವಿಚಾರಿಸಲಿ. ನಿಂತ ಮಷಿನ್‌ಗೂ ಕಂತು ಓಡುತ್ತಲೇ ಇರುತ್ತದೆ.

ಕಂತಿನ ಮಾತು ಬಂತು. ಉದಾಹರಣೆಗೆ ಮಷಿನ್‌ಗೆ 18 ಲಕ್ಷ ಎಂದಿಟ್ಟುಕೊಳ್ಳಿ. ಮೇಲೆ ಶೇ 18ರ ಜಿಎಸ್‌ಟಿ, ಅಂದರೆ 3.24 ಲಕ್ಷ. ಸಾಮಾನ್ಯ ನೋಂದಣಿ ಇದ್ದರೆ ಅದನ್ನು ಇನ್‌ಪುಟ್ ಕ್ರೆಡಿಟ್ ಆಗಿ ಹೊಂದಿಸಿಕೊಳ್ಳಬಹುದು. ಕಾಂಪೊಸಿಷನ್ ಯೋಜನೆಯಲ್ಲಿದ್ದರೆ ಅದು ಹೋದ ಹಣವೇ. 15 ಲಕ್ಷ ಸಾಲವನ್ನು ಶೇ 11ರ ಬಡ್ಡಿಗೆ ಐದು ವರ್ಷಕ್ಕೆ ತೆಗೆದರೆ ತಿಂಗಳ ಕಂತು ಸುಮಾರು 32,600 ರೂಪಾಯಿ. ಒಂದೇ ಶಿಫ್ಟ್, ತಿಂಗಳಿಗೆ 200 ಗಂಟೆ, ಅದರಲ್ಲಿ ನಿಜವಾಗಿ ಚಿಪ್ಸ್ ಹಾರುವುದು 120 ಗಂಟೆ ಎಂದರೆ ಗಂಟೆಗೆ 270 ರೂಪಾಯಿ ಕಂತಿಗೇ ಹೋಯಿತು. ಸಂಬಳ, ಕರೆಂಟು, ಇನ್ಸರ್ಟ್, ಬಾಡಿಗೆ ಇದರ ಮೇಲೆ. ನಿಮ್ಮ ಪಾರ್ಟಿ ಕೊಡುವ ಗಂಟೆಯ ರೇಟು ಇಷ್ಟನ್ನೂ ಹೊರುತ್ತದೆಯೇ? ಹೊರದಿದ್ದರೆ ಇನ್ನೊಂದು ವರ್ಷ ಪಕ್ಕದ ಶೆಡ್‌ನಲ್ಲೇ ಮಾಡಿಸಿ. ಅದರಲ್ಲಿ ಅವಮಾನವೇನಿಲ್ಲ.

ಕೊಟೇಶನ್‌ನಲ್ಲಿ ಕಾಣದ ಖರ್ಚುಗಳೂ ಇವೆ. ಸ್ಟೆಬಿಲೈಸರ್, ಪ್ರತ್ಯೇಕ ಅರ್ಥಿಂಗ್, ಕಂಪ್ರೆಸರ್, ತ್ರೀ ಫೇಸ್ ಲೋಡ್ ಏರಿಸಲು ಬೆಸ್ಕಾಂಗೆ ಕಟ್ಟುವ ಠೇವಣಿ, ಟನ್‌ಗಟ್ಟಲೆ ಭಾರ ಇಳಿಸಲು ಹೈಡ್ರಾ ಕ್ರೇನ್ ಬಾಡಿಗೆ, ಟೂಲ್ ಹೋಲ್ಡರ್‌ಗಳು, ಕೂಲೆಂಟ್. ಇವಕ್ಕೆ ಮೊದಲೇ ಹಣ ತೆಗೆದಿಡದವರು ಹೊಸ ಮಷಿನ್‌ಗೆ ಪೂಜೆ ಮಾಡಿ ಇನ್ಸರ್ಟಿಗೆ ಸಾಲ ಕೇಳುತ್ತಾರೆ.

ಸೆಕೆಂಡ್ ಹ್ಯಾಂಡ್ ಕೊಳ್ಳಬಹುದೇ? ಕೊಳ್ಳಬಹುದು, ಪರೀಕ್ಷಿಸಲು ಬರುವವರಿದ್ದರೆ ಮಾತ್ರ. ಹೊಸ ಬಣ್ಣಕ್ಕೆ ಮರುಳಾಗಬೇಡಿ. ಡಯಲ್ ಇಟ್ಟು ಟೂಲನ್ನು 0.01 ಮಿಲಿಮೀಟರ್‌ನಂತೆ ಮುಂದೆ ಸರಿಸಿ, ಹಾಗೆಯೇ ಹಿಂದಕ್ಕೆ ತನ್ನಿ. ಮುಳ್ಳು ಕದಲದೆ ನಿಂತರೆ ಬಾಲ್ ಸ್ಕ್ರೂ ಸವೆದಿರುವ ಸಾಧ್ಯತೆ ಹೆಚ್ಚು. ಸ್ಪಿಂಡಲನ್ನು ಪೂರ್ತಿ ವೇಗದಲ್ಲಿ ಅರ್ಧ ಗಂಟೆ ಓಡಿಸಿ ಬೇರಿಂಗ್ ಬಿಸಿ ನೋಡಿ. ಎಲ್ಲೋ ಗುದ್ದಿಸಿಕೊಂಡ ಮಷಿನ್ ಆದರೆ ಟರೆಟ್ ಅಲೈನ್‌ಮೆಂಟ್ ತಪ್ಪಿರಬಹುದು. ಹಳೆಯ ಕಂಟ್ರೋಲರ್‌ನ ಬ್ಯಾಟರಿ ಸತ್ತರೆ ಪ್ಯಾರಾಮೀಟರ್‌ಗಳೇ ಅಳಿಸಿಹೋಗಬಹುದು. ಅವುಗಳ ಬ್ಯಾಕಪ್ ಕೈಗೆ ಬಾರದೆ ಹಣ ಕೊಡಬೇಡಿ.

ಹೊಸದೇ ಆಗಲಿ, ಹಳೆಯದೇ ಆಗಲಿ, ಮುಂಗಡ ಕೊಡುವ ಮೊದಲು ನಿಮ್ಮದೇ ಡ್ರಾಯಿಂಗ್, ನಿಮ್ಮದೇ ಮೆಟೀರಿಯಲ್ ಹಿಡಿದು ಹೋಗಿ. ಮಾರುವವರು ತೋರಿಸುವ ಹೊಳೆಯುವ ಅಲ್ಯೂಮಿನಿಯಂ ಸ್ಯಾಂಪಲ್ ನಿಮ್ಮ ಇಎನ್8 ಶಾಫ್ಟ್ ಅಲ್ಲ. ಬೆಳಿಗ್ಗೆ ಮಷಿನ್ ತಣ್ಣಗಿರುವಾಗ ಐದು ಪೀಸ್, ಎರಡು ಗಂಟೆ ಓಡಿದ ಮೇಲೆ ಐದು ಪೀಸ್ ಆಫ್‌ಸೆಟ್ ಮುಟ್ಟದೆ ತೆಗೆಸಿ. ಎಲ್ಲವೂ ಒಂದೇ ಸಮ ಹತ್ತು ಮೈಕ್ರಾನ್ ಹೆಚ್ಚಿದ್ದರೆ ಚಿಂತೆಯಿಲ್ಲ, ಆಫ್‌ಸೆಟ್‌ನಲ್ಲಿ ಸರಿಹೋಗುತ್ತದೆ. ಒಂದೊಂದು ಪೀಸ್ ಒಂದೊಂದು ಥರ ಬಂದರೆ ಅದಕ್ಕೆ ಆಫ್‌ಸೆಟ್‌ನಲ್ಲಿ ಮದ್ದಿಲ್ಲ. ಅಳೆಯುವ ಮುನ್ನ ಪೀಸ್ ತಣಿಯಲಿ: 100 ಮಿಲಿಮೀಟರ್ ಉಕ್ಕು 10 ಡಿಗ್ರಿ ಬಿಸಿಯಾದರೆ ಸುಮಾರು 11 ಮೈಕ್ರಾನ್ ಹಿಗ್ಗುತ್ತದೆ. ಕೊನೆಗೆ ಅಲ್ಲೇ ನಿಂತು, ಗಡಿಯಾರ ನೋಡುತ್ತ, ಬೇರೆ ಜಾಬ್‌ಗೆ ಸೆಟ್ಟಿಂಗ್ ಬದಲಿಸಿ ತೋರಿಸಲು ಹೇಳಿ. ಅದಕ್ಕೆ ಒಪ್ಪದವರ ಮಷಿನ್ ಎಷ್ಟೇ ಅಗ್ಗವಾಗಿದ್ದರೂ ಬೇಡ.