ಬಿಸಿಲಿನ ದಿನಗಳಲ್ಲಿ ಬಿಡಾರ ಹೂಡಿದಾಗ ಚಿಕ್ಕ ಮಕ್ಕಳ ಹಗಲು ನಿದ್ರೆ: ಸಾರ್ವಜನಿಕರಿಗೆ ಮಾಹಿತಿ

ಹುಬ್ಬಳ್ಳಿ-ಧಾರವಾಡ ಅವಳಿ ನಗರ ಹಾಗೂ ಸುತ್ತಲಿನ ತಾಲ್ಲೂಕುಗಳ ಅನೇಕ ಕುಟುಂಬಗಳು ಬೇಸಿಗೆಯಲ್ಲಿ ಜಾತ್ರೆ, ಹರಕೆ ಮತ್ತು ದೇವರ ದರ್ಶನದ ನಿಮಿತ್ತ ಬಯಲಿನಲ್ಲಿ ಬಿಡಾರ ಹೂಡುವುದು ಬಹುಕಾಲದಿಂದ ನಡೆದುಬಂದ ರೂಢಿಯಾಗಿದೆ. ಧಾರವಾಡದಿಂದ ಸುಮಾರು 40 ಕಿ.ಮೀ. ದೂರದ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ, ಟ್ರ್ಯಾಕ್ಟರ್ ಮತ್ತು ಸ್ವಂತ ವಾಹನಗಳಲ್ಲಿ ತೆರಳುವ ಭಕ್ತರು ಇದಕ್ಕೆ ಉತ್ತಮ ಉದಾಹರಣೆ. ಅಲ್ಲಿ ಬನದ ಹುಣ್ಣಿಮೆ ಮತ್ತು ಭಾರತ ಹುಣ್ಣಿಮೆಗಳು ಚಳಿಗಾಲದಲ್ಲಿ ಅಥವಾ ಅದರ ಅಂಚಿನಲ್ಲಿ ಬರುತ್ತವೆ. ಆದರೆ ಚೈತ್ರ ಮಾಸದ ದವನದ ಹುಣ್ಣಿಮೆಯು ಸಾಮಾನ್ಯವಾಗಿ ಏಪ್ರಿಲ್ ತಿಂಗಳಲ್ಲಿ, ಅಂದರೆ ಬಿಸಿಲು ಏರಿದ ಕಾಲದಲ್ಲಿಯೇ ಬರುತ್ತದೆ. ಇಂತಹ ಸಂದರ್ಭಗಳಲ್ಲಿ ದೊಡ್ಡವರು ಬಿಸಿಲನ್ನು ಸಹಿಸಿಕೊಳ್ಳುತ್ತಾರೆ. ಜೊತೆಗಿರುವ ಐದು ವರ್ಷದೊಳಗಿನ ಮಕ್ಕಳ ಮಧ್ಯಾಹ್ನದ ನಿದ್ರೆಯ ವಿಷಯದಲ್ಲಿ ಪಾಲಕರು ಅರಿತಿರಬೇಕಾದ ಸಂಗತಿಗಳನ್ನು ಈ ಪುಟದಲ್ಲಿ ವಿವರಿಸಲಾಗಿದೆ.

ನಿದ್ರೆಗೂ ಬಿಸಿಗೂ ಇರುವ ಸಂಬಂಧ

ನಿದ್ರೆ ಹತ್ತುವ ಮುನ್ನ ಶರೀರವು ತನ್ನ ಒಳಗಿನ ಉಷ್ಣಾಂಶವನ್ನು ಸ್ವಲ್ಪ ಇಳಿಸಿಕೊಳ್ಳುತ್ತದೆ. ಕೈಕಾಲುಗಳ ಚರ್ಮಕ್ಕೆ ಹೆಚ್ಚು ರಕ್ತ ಹರಿದು, ಅಲ್ಲಿಂದ ಬಿಸಿಯು ಹೊರಹೋಗುತ್ತದೆ. ಸುತ್ತಲಿನ ಗಾಳಿಯೇ ಚರ್ಮದಷ್ಟು ಬಿಸಿಯಾಗಿದ್ದಲ್ಲಿ ಈ ಕ್ರಿಯೆ ನಡೆಯುವುದಿಲ್ಲ. ಮಗು ಆಯಾಸಗೊಂಡಿದ್ದರೂ ಮಲಗದೆ ಹಟ ಮಾಡುವುದಕ್ಕೆ ಅನೇಕ ವೇಳೆ ಇದೇ ಕಾರಣವಾಗಿರುತ್ತದೆ. ಚಿಕ್ಕ ಮಕ್ಕಳ ತೂಕಕ್ಕೆ ಹೋಲಿಸಿದರೆ ಅವರ ಚರ್ಮದ ವಿಸ್ತಾರ ಹೆಚ್ಚು, ಬೆವರುವ ಸಾಮರ್ಥ್ಯ ಕಡಿಮೆ. ಆದ್ದರಿಂದ ಬಿಸಿಯಾದ ಸ್ಥಳದಲ್ಲಿ ಅವರ ಶರೀರವು ದೊಡ್ಡವರಿಗಿಂತ ಬೇಗನೆ ಕಾಯುತ್ತದೆ. ಎಚ್ಚರವಿರುವ ಮಗು ಅಳುತ್ತದೆ, ನೀರು ಕೇಳುತ್ತದೆ, ಜಾಗ ಬಿಟ್ಟು ಏಳುತ್ತದೆ. ಮಲಗಿದ ಮಗು ಇವುಗಳಲ್ಲಿ ಯಾವುದನ್ನೂ ಮಾಡಲಾರದು. ಬಿಡಾರದಲ್ಲಿ ಸದ್ದಿಲ್ಲದೆ ಮಲಗಿರುವ ಮಗುವಿನ ಮೇಲೆ ಹೆಚ್ಚು ಗಮನ ಬೇಕಾಗುವುದು ಈ ಕಾರಣದಿಂದಲೇ.

ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಂತೆ 4ರಿಂದ 11 ತಿಂಗಳ ಶಿಶುವಿಗೆ ದಿನಕ್ಕೆ 12ರಿಂದ 16 ಗಂಟೆ, 1ರಿಂದ 2 ವರ್ಷದ ಮಗುವಿಗೆ 11ರಿಂದ 14 ಗಂಟೆ ಹಾಗೂ 3ರಿಂದ 4 ವರ್ಷದ ಮಗುವಿಗೆ 10ರಿಂದ 13 ಗಂಟೆ ನಿದ್ರೆ ಅವಶ್ಯಕ. ಹಗಲು ನಿದ್ರೆಯೂ ಇದರಲ್ಲಿ ಸೇರಿದೆ. ಜಾತ್ರೆಗೆ ನಸುಕಿನಲ್ಲಿಯೇ ಎಬ್ಬಿಸಿ ಹೊರಡಿಸಿದ ಮಗುವಿಗೆ ಮಧ್ಯಾಹ್ನ 2 ಗಂಟೆಯವರೆಗೆ ಕಾಯದೆ, ಬೆಳಿಗ್ಗೆ 10.30ರ ಸುಮಾರಿಗೆ ಗಾಳಿ ಇನ್ನೂ ಕಾಯದಿರುವಾಗಲೇ ಒಂದು ನಿದ್ರೆ ಮಾಡಿಸುವುದು ಸೂಕ್ತ. ಕಡು ಬಿಸಿಲಿನ ಹೊತ್ತಿನಲ್ಲಿ ಮಗು ಎಚ್ಚರವಿದ್ದು ನೆರಳಿನಲ್ಲಿ ಆಡಿಕೊಂಡಿದ್ದರೆ ಅದರಿಂದ ತೊಂದರೆಯಿಲ್ಲ.

ನೆರಳಿನ ಲೆಕ್ಕ

ಬಿಡಾರ ಹೂಡುವವರು ತಾವು ತಲುಪಿದ ಹೊತ್ತಿಗೆ ನೆರಳು ಎಲ್ಲಿರುವುದೋ ಅಲ್ಲಿಯೇ ಹಾಸಿಗೆ ಹಾಸುವುದು ಸಾಮಾನ್ಯ. ಮಗು ಮಲಗುವ ಹೊತ್ತಿಗೆ ನೆರಳು ಎಲ್ಲಿರುತ್ತದೆ ಎಂಬುದನ್ನು ನೋಡಿ ಜಾಗ ಆರಿಸಬೇಕು. ಧಾರವಾಡ ಜಿಲ್ಲೆಯಲ್ಲಿ ಮೇ ತಿಂಗಳ ಮೊದಲ ದಿನಗಳಲ್ಲಿ ಸೂರ್ಯನು ನಡುನೆತ್ತಿಯ ಮೇಲೆಯೇ ಹಾದುಹೋಗುತ್ತಾನೆ. ಗಡಿಯಾರದಲ್ಲಿ ಆಗ ಸಮಯ 12ರ ಬದಲು ಸುಮಾರು 12.30 ಆಗಿರುತ್ತದೆ. ಆ ದಿನಗಳಲ್ಲಿ ಬೆಳಿಗ್ಗೆ 10 ಗಂಟೆಗೆ ನೆರಳು ಪಶ್ಚಿಮಕ್ಕೆ ಚಾಚಿರುತ್ತದೆ. 12.30ಕ್ಕೆ ಬುಡಕ್ಕೆ ಸೇರಿ, ನಂತರ ಪೂರ್ವಕ್ಕೆ ಸರಿಯುತ್ತದೆ. 3 ಗಂಟೆಗೆ ಅದು ಸರಿದಿರುವ ದೂರವು ಆಸರೆಯ ಎತ್ತರದ ಮುಕ್ಕಾಲು ಭಾಗದಷ್ಟಾಗುತ್ತದೆ. ಅಂದರೆ 8 ಅಡಿ ಎತ್ತರದಲ್ಲಿ ಕಟ್ಟಿದ ತಾಡಪತ್ರಿಯ ನೆರಳು 3 ಗಂಟೆಗೆ 6 ಅಡಿ ಪೂರ್ವಕ್ಕೆ ಹೋಗಿರುತ್ತದೆ. ತಾಡಪತ್ರಿಯ ಕೆಳಗೆ ಪಶ್ಚಿಮದ ಅಂಚಿನಲ್ಲಿ ಮಲಗಿಸಿದ ಮಗುವಿನ ಮುಖದ ಮೇಲೆ ಆ ಹೊತ್ತಿಗೆ ನೇರ ಬಿಸಿಲು ಬಿದ್ದಿರುತ್ತದೆ. ಆದ್ದರಿಂದ ಮಧ್ಯಾಹ್ನದ ನಿದ್ರೆಗೆ ಮರದ ಅಥವಾ ಬಿಡಾರದ ಪೂರ್ವ ಭಾಗವನ್ನು ಆರಿಸಿಕೊಳ್ಳತಕ್ಕದ್ದು.

ದಟ್ಟ ಎಲೆಗಳ ಮಾವು, ಬೇವು, ಆಲದ ಮರಗಳ ನೆರಳು ಯಾವುದೇ ಬಟ್ಟೆಯ ನೆರಳಿಗಿಂತ ತಂಪು. ಎಲೆಗಳು ನೀರಿನ ಅಂಶವನ್ನು ಹೊರಬಿಡುತ್ತಿರುವುದರಿಂದ ಅವು ತಾಡಪತ್ರಿಯಂತೆ ಕಾಯುವುದಿಲ್ಲ. ಮಲಗಿಸುವ ಮುನ್ನ ಕೊಂಬೆಗಳಲ್ಲಿ ಹೆಜ್ಜೇನಿನ ಗೂಡು ಮತ್ತು ಕೆಂಪಿರುವೆಗಳ ಎಲೆಗೂಡು ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಹೆಜ್ಜೇನಿರುವ ಮರದ ಕೆಳಗೆ ಒಲೆಯ ಹೊಗೆ ಎಬ್ಬಿಸುವುದು ಅತ್ಯಂತ ಅಪಾಯಕಾರಿ. ನವಲಗುಂದದ ಕಡೆಯಂತಹ ಎರೆ ಭೂಮಿಯಲ್ಲಿ ಬೇಸಿಗೆಗೆ ನೆಲ ಬಿರಿದು, ಬಿರುಕುಗಳಲ್ಲಿ ಚೇಳುಗಳು ಸೇರುವ ಸಂಭವವಿರುವುದರಿಂದ ಮಗುವನ್ನು ನೆಲದ ಮೇಲೆಯೇ ಮಲಗಿಸದೆ ಹಗ್ಗದ ಹೊರಸಿನ ಮೇಲೆ ಮಲಗಿಸುವುದು ಮೇಲು. ಹೊರಸಿನ ಕೆಳಗಿನಿಂದಲೂ ಗಾಳಿ ಆಡುತ್ತದೆ. ಆದರೆ ಒಂದು ವರ್ಷದೊಳಗಿನ ಶಿಶುವಿಗೆ ಜೋಲುವ ಹೊರಸು ಸೂಕ್ತವಲ್ಲ. ಅದಕ್ಕೆ ಸಮತಟ್ಟಾದ, ಗಟ್ಟಿಯಾದ ಹಾಸು ಬೇಕು.

ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಸಂಜೆಯ ಅಡ್ಡಮಳೆ ಈ ಭಾಗದಲ್ಲಿ ಸಾಮಾನ್ಯ. ಗುಡುಗು ಕೇಳಿಸಿದ ಕೂಡಲೇ ಮಗುವನ್ನು ಮರದ ಕೆಳಗಿನಿಂದ ಎತ್ತಿಕೊಂಡು ಪಕ್ಕಾ ಕಟ್ಟಡಕ್ಕೆ ಹೋಗಬೇಕು. ನಿದ್ರೆ ಕೆಡುವುದೆಂದು ತಡಮಾಡಬಾರದು.

ತಾಡಪತ್ರಿ, ಟ್ರೇಲರ್ ಮತ್ತು ಕಾರು

ಹವಾಮಾನ ಇಲಾಖೆಯು ಪ್ರಕಟಿಸುವ ಉಷ್ಣಾಂಶವು ನೆರಳಿನಲ್ಲಿ, ಗಾಳಿಯಾಡುವ ಮರದ ಪೆಟ್ಟಿಗೆಯೊಳಗೆ, ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ ಅಳೆದ ಉಷ್ಣಾಂಶವಾಗಿರುತ್ತದೆ. ಬಯಲು ಪ್ರದೇಶದಲ್ಲಿ ಗರಿಷ್ಠ ಉಷ್ಣಾಂಶ ಕನಿಷ್ಠ 40 ಡಿಗ್ರಿ ಸೆಲ್ಸಿಯಸ್ ಮುಟ್ಟದ ಹೊರತು ಸಾಮಾನ್ಯವಾಗಿ ಬಿಸಿಗಾಳಿಯ ಘೋಷಣೆ ಆಗುವುದಿಲ್ಲ. ಹೀಗಾಗಿ 37 ಡಿಗ್ರಿ ಎಂದು ಪ್ರಕಟವಾದ ದಿನದಂದು, ಯಾವ ಎಚ್ಚರಿಕೆಯೂ ಇಲ್ಲದಿರುವಾಗಲೇ, ನಾಲ್ಕೂ ಬದಿ ಮುಚ್ಚಿದ ತಾಡಪತ್ರಿಯೊಳಗೆ ನೆಲದ ಮೇಲೆ ಮಲಗಿದ ಮಗುವು ಅದಕ್ಕಿಂತ ಬಹಳ ಹೆಚ್ಚಿನ ಬಿಸಿಯಲ್ಲಿರಬಹುದು. ಟ್ರ್ಯಾಕ್ಟರ್ ಟ್ರೇಲರ್‌ನ ಮೇಲೆ ತಾಡಪತ್ರಿ ಎಳೆದು ಒಳಗೆ ಮಕ್ಕಳನ್ನು ಮಲಗಿಸುವ ಪದ್ಧತಿಯಲ್ಲಿ ಕಬ್ಬಿಣದ ತಳ ಮತ್ತು ಬದಿಗಳೂ ಕಾಯುತ್ತವೆ. ಪ್ರಯಾಣದಲ್ಲಿ ಗಾಳಿ ಆಡುತ್ತಿದ್ದ ಕಾರಣ ಹಿತವಾಗಿದ್ದ ಟ್ರೇಲರ್, ನಿಂತ ಮೇಲೆ ಹಿತವಾಗಿರುವುದಿಲ್ಲ.

ಒಂದೇ ತಾಡಪತ್ರಿಯ ಬದಲು ಎರಡು ಪದರ ಕಟ್ಟುವುದರಿಂದ ಗಣನೀಯ ವ್ಯತ್ಯಾಸವಾಗುತ್ತದೆ. ಮೇಲೆ ತಾಡಪತ್ರಿ, ಅದರ ಕೆಳಗೆ ಒಂದು ಅಡಿ ಅಂತರ ಬಿಟ್ಟು ಹಳೆಯ ಧೋತರ ಅಥವಾ ಸೀರೆ. ಮೇಲಿನ ಪದರವು ಬಿಸಿಲನ್ನು ಹೀರಿ ಕಾಯುತ್ತದೆ. ನಡುವಿನ ಗಾಳಿಯು ಆ ಬಿಸಿಯನ್ನು ಹೊತ್ತೊಯ್ಯುತ್ತದೆ. ಕೆಳಗಿನ ಪದರವು ಅಷ್ಟಾಗಿ ಕಾಯುವುದಿಲ್ಲ. ಖರ್ಚಿನ ಲೆಕ್ಕದಲ್ಲಿ ನೋಡಿದರೂ ಮನೆಯಲ್ಲಿರುವ ಹಳೆಯ ಸೀರೆಗೆ ಹೊಸದಾಗಿ ಏನನ್ನೂ ಕೊಡಬೇಕಾಗಿಲ್ಲ. ಪಶ್ಚಿಮದ ಬದಿಯನ್ನು ಪೂರ್ತಿ ತೆರೆದರೆ 3 ಗಂಟೆಯ ನಂತರ ಬಿಸಿಲು ಒಳಬರುತ್ತದೆ, ಪೂರ್ತಿ ಮುಚ್ಚಿದರೆ ಗಾಳಿ ನಿಲ್ಲುತ್ತದೆ. ಆ ಬದಿಯ ಪರದೆಯನ್ನು ನೆಲದಿಂದ ಒಂದು ಮೊಳ ಎತ್ತಿ ಕಟ್ಟಿ, ಎದುರಿನ ಪೂರ್ವದ ಬದಿಯನ್ನು ತೆರೆದಿಡುವುದು ಇದಕ್ಕೆ ಪರಿಹಾರ.

ನಿಲ್ಲಿಸಿದ ಕಾರಿನಲ್ಲಿ ಮಗುವನ್ನು ಮಲಗಿಸಬಾರದು. ಕಾರಿನೊಳಗಿನ ಬಿಸಿ ಮೊದಲ ಅರ್ಧ ಗಂಟೆಯಲ್ಲಿಯೇ ಬಹುಪಾಲು ಏರಿಬಿಡುತ್ತದೆ. ಗಾಜನ್ನು ಎರಡು ಬೆರಳಷ್ಟು ಇಳಿಸಿದರೆ ಸಾಕೆಂಬ ನಂಬಿಕೆ ಸರಿಯಲ್ಲ. ಅದರಿಂದ ಆಗುವ ವ್ಯತ್ಯಾಸ ಅತ್ಯಲ್ಪ. "ದರ್ಶನ ಮುಗಿಸಿ ಹತ್ತು ನಿಮಿಷದಲ್ಲಿ ಬರುತ್ತೇವೆ" ಎಂದು ಹೋದವರಿಗೆ ಹುಣ್ಣಿಮೆಯ ಸರದಿಯಲ್ಲಿ ಎಷ್ಟು ಹೊತ್ತಾಗುವುದೆಂದು ಭಕ್ತರೆಲ್ಲರಿಗೂ ತಿಳಿದಿದೆ. ಇನ್ನೊಂದು ಬಗೆಯ ಅಪಾಯವೂ ಉಂಟು. ದೊಡ್ಡ ಗುಂಪಿನಲ್ಲಿ ಮಗು ಅಜ್ಜಿಯ ಬಳಿ ಇದೆಯೆಂದು ತಾಯಿಯೂ, ತಾಯಿಯ ಬಳಿ ಇದೆಯೆಂದು ಅಜ್ಜಿಯೂ ತಿಳಿದು, ಮಗು ವಾಹನದಲ್ಲಿಯೇ ಉಳಿಯುವುದು. ಹಣದ ಚೀಲವನ್ನು ಒಬ್ಬರಿಂದ ಒಬ್ಬರಿಗೆ ಎಣಿಸಿ ಕೊಡುವಂತೆ, ಮಗುವನ್ನೂ ಹೆಸರು ಹಿಡಿದು, ಹೇಳಿ ಒಪ್ಪಿಸಬೇಕು.

ಹಾಸಿಗೆ, ಬಟ್ಟೆ ಮತ್ತು ಜೋಳಿಗೆ

ನಮ್ಮ ಭಾಗದ ಕೌದಿಯು ಚಳಿಗೆ ಎಷ್ಟು ಉತ್ತಮವೋ ಬೇಸಿಗೆಯ ಮಧ್ಯಾಹ್ನಕ್ಕೆ ಅಷ್ಟೇ ಅನುಚಿತ. ಹಲವು ಪದರ ಹೊಲಿದ ಬಟ್ಟೆ ಮಗುವಿನ ಬೆನ್ನಿನ ಬಿಸಿಯನ್ನು ಹಿಡಿದಿಡುತ್ತದೆ. ಚಾಪೆಯ ಮೇಲೆ ಒಂದೇ ಪದರದ ಹತ್ತಿ ಬಟ್ಟೆ ಸಾಕು. ದೃಷ್ಟಿಯಾದೀತೆಂದು ಅಥವಾ ಗಾಳಿ ಸೋಂಕೀತೆಂದು ಶಿಶುವಿಗೆ ಕುಲಾವಿ, ಕುಂಚಿಗೆ ತೊಡಿಸಿಯೇ ಮಲಗಿಸುವವರಿದ್ದಾರೆ. ಶಿಶುವಿನ ಶರೀರದ ಬಿಸಿಯಲ್ಲಿ ದೊಡ್ಡ ಪಾಲು ತಲೆಯಿಂದಲೇ ಹೊರಹೋಗುವುದರಿಂದ ನೆರಳಿಗೆ ಬಂದ ಕೂಡಲೇ ಅವುಗಳನ್ನು ತೆಗೆಯಬೇಕು. ಹಿರಿಯರ ಮನಸ್ಸಿಗೆ ಸಮಾಧಾನವಾಗುವಂತೆ ದೃಷ್ಟಿಬೊಟ್ಟು ಇಟ್ಟರಾಯಿತು.

ಮರದ ಕೊಂಬೆಗೆ ಸೀರೆಯ ಜೋಳಿಗೆ ಕಟ್ಟಿ ಮಗುವನ್ನು ತೂಗುವುದು ನೋಡಲು ಚೆಂದ. ಆದರೆ ಆಳವಾದ ಜೋಳಿಗೆಯಲ್ಲಿ ಬಟ್ಟೆ ಎರಡೂ ಕಡೆಯಿಂದ ಕೂಡಿಕೊಂಡು ಗಾಳಿ ನಿಲ್ಲುತ್ತದೆ. ಎಳೆಯ ಶಿಶುವಿನ ಗಲ್ಲ ಎದೆಗೆ ಒತ್ತಿ ಉಸಿರಾಟಕ್ಕೂ ಅಡ್ಡಿಯಾಗಬಹುದು. ಒಂದು ವರ್ಷದೊಳಗಿನ ಶಿಶುವನ್ನು ದಿಂಬಿಲ್ಲದೆ ಅಂಗಾತ ಮಲಗಿಸತಕ್ಕದ್ದು. ನೊಣ, ಸೊಳ್ಳೆಗಾಗಿ ತೆಳುವಾದ ಪರದೆಯನ್ನು ಮಗುವಿಗೆ ತಾಗದಂತೆ ಎತ್ತರಕ್ಕೆ ಕಟ್ಟಬಹುದು. ತೊಟ್ಟಿಲು ಅಥವಾ ಮಕ್ಕಳ ಗಾಡಿಯ ಬಾಯಿಗೆ ಬಟ್ಟೆ ಹೊದಿಸಿ ಮುಚ್ಚುವುದು, ಬಟ್ಟೆ ತೆಳುವಾಗಿದ್ದರೂ, ತಪ್ಪು.

ನೀರು ಮತ್ತು ಗಾಳಿಯ ಉಪಯೋಗ

ಮಣ್ಣಿನ ಕೊಡದ ನೀರು ತಂಪಾಗುವ ತತ್ವವೇ ಇಲ್ಲಿಯೂ ಅನ್ವಯಿಸುತ್ತದೆ. ಅಡ್ಡಮಳೆಗೆ ಮುಂಚಿನ ದಿನಗಳಲ್ಲಿ ಮಧ್ಯಾಹ್ನದ ಗಾಳಿ ಒಣದಾಗಿರುವುದರಿಂದ ನೀರು ಬೇಗ ಆರುತ್ತದೆ, ಆರುವಾಗ ಬಿಸಿಯನ್ನು ಹೀರುತ್ತದೆ. ಮಲಗಿಸುವ ಮುನ್ನ ಮಗುವಿನ ಕೈ, ಕಾಲು, ಕುತ್ತಿಗೆಗಳನ್ನು ಸಾದಾ ನೀರಿನ ಒದ್ದೆ ಬಟ್ಟೆಯಿಂದ ಒರೆಸಿ, ಬೀಸಣಿಕೆಯಿಂದ ಮೆಲ್ಲಗೆ ಗಾಳಿ ಹಾಕಿದರೆ ಕೆಲವೇ ನಿಮಿಷಗಳಲ್ಲಿ ನಿದ್ರೆ ಹತ್ತುವುದುಂಟು. ಮಂಜುಗಡ್ಡೆಯ ನೀರು ಬೇಡ. ಗಾಳಿ ಬರುವ ಬದಿಯಲ್ಲಿ ಒದ್ದೆ ಸೀರೆಯನ್ನು ಮಗುವಿನಿಂದ ದೂರದಲ್ಲಿ ತೂಗುಹಾಕುವುದೂ ಸಹಾಯಕ. ಮಳೆಯಾದ ಮರುದಿನ ಗಾಳಿಯಲ್ಲಿ ತೇವ ತುಂಬಿರುವುದರಿಂದ ಈ ಉಪಾಯದ ಫಲ ಕಡಿಮೆ. ಗಾಳಿಯೇ 40 ಡಿಗ್ರಿ ಮುಟ್ಟಿದಾಗ ಬರೀ ಫ್ಯಾನ್ ಹಚ್ಚಿದರೆ ಬಿಸಿಗಾಳಿಯನ್ನೇ ಬೀಸಿದಂತಾಗುತ್ತದೆ.

ಪರಡಿ ತುಂಬಿಸಲು ಹೋಳಿಗೆ, ಕಡುಬು ಮಾಡುವ ಒಲೆಯನ್ನು ಒಳ್ಳೆಯ ನೆರಳಿರುವಲ್ಲಿಯೇ ಹೂಡುವುದರಿಂದ ಮಗುವಿನ ಪಾಲಿಗೆ ಹೊಗೆ ಮತ್ತು ಝಳ ಬರುತ್ತವೆ. ಒಲೆಯು ಗಾಳಿ ಹೋಗುವ ದಿಕ್ಕಿನಲ್ಲಿ, ದೂರದಲ್ಲಿರಲಿ.

ಆರು ತಿಂಗಳೊಳಗಿನ ಶಿಶುವಿಗೆ ಬೇಸಿಗೆಯಲ್ಲಿಯೂ ಎದೆಹಾಲು ಮಾತ್ರ ಸಾಕು, ನೀರು ಕೊಡಬಾರದು. ಹೆಚ್ಚು ಬಾರಿ ಹಾಲೂಡಿಸಬೇಕು ಮತ್ತು ತಾಯಿಯು ಸಾಕಷ್ಟು ನೀರು ಕುಡಿಯಬೇಕು. ಆರು ತಿಂಗಳು ದಾಟಿದ ಮಕ್ಕಳಿಗೆ ಎದೆಹಾಲಿನೊಂದಿಗೆ ಕುದಿಸಿ ಆರಿಸಿದ ನೀರು, ದೊಡ್ಡ ಮಕ್ಕಳಿಗೆ ಮಜ್ಜಿಗೆ, ಅಂಬಲಿ ಕೊಡಬಹುದು.

ನಿದ್ರೆಯೋ, ಅಸ್ವಸ್ಥತೆಯೋ

ಮಲಗಿದ ಮಗುವನ್ನು ಹತ್ತು-ಹದಿನೈದು ನಿಮಿಷಕ್ಕೊಮ್ಮೆ ಮುಟ್ಟಿ ನೋಡಬೇಕು. ಕೈಕಾಲುಗಳನ್ನು ಮುಟ್ಟಿದರೆ ಸರಿಯಾಗಿ ತಿಳಿಯುವುದಿಲ್ಲ. ಕತ್ತಿನ ಹಿಂಭಾಗ ಮತ್ತು ಎದೆಯನ್ನು ಮುಟ್ಟಬೇಕು. ಕೂದಲಿನ ಬುಡ ಒದ್ದೆಯಾಗಿದ್ದು ಮುಖ ಕೆಂಪಾಗಿದ್ದರೆ ಜಾಗ ಬದಲಿಸುವುದು ಅವಶ್ಯ. ಬಾಯಿ ಒಣಗುವುದು, ಆರು ಗಂಟೆಗೂ ಹೆಚ್ಚು ಕಾಲ ಮೂತ್ರ ಮಾಡದಿರುವುದು, ಅತ್ತರೂ ಕಣ್ಣೀರು ಬಾರದಿರುವುದು ನೀರಿನ ಕೊರತೆಯ ಸೂಚನೆಗಳು. ಎಚ್ಚರವಿರುವ ಮಗುವಿಗೆ ಓಆರ್‌ಎಸ್ ದ್ರಾವಣವನ್ನು ಚಮಚದಿಂದ ಸ್ವಲ್ಪ ಸ್ವಲ್ಪವಾಗಿ ಕುಡಿಸಬೇಕು. ಒಂದು ಲೀಟರ್‌ಗೆಂದು ಮುದ್ರಿಸಿರುವ ಪೊಟ್ಟಣವನ್ನು ಪೂರ್ತಿಯಾಗಿ ಒಂದು ಲೀಟರ್ ನೀರಿಗೆ ಬೆರೆಸಬೇಕು. ಅರ್ಧ ಪೊಟ್ಟಣದ ಅಂದಾಜು ಸಲ್ಲದು. 24 ಗಂಟೆಯ ನಂತರ ಉಳಿದದ್ದನ್ನು ಚೆಲ್ಲಬೇಕು.

ಎಬ್ಬಿಸಿದರೂ ಮಗು ಕಣ್ಣು ತೆರೆಯದಿದ್ದರೆ, ತೆರೆದರೂ ಗುರುತು ಹಿಡಿಯದಿದ್ದರೆ, ಮೈ ಕೆಂಡದಂತೆ ಸುಡುತ್ತಿದ್ದರೆ, ವಾಂತಿ ಅಥವಾ ಸೆಳವು ಕಾಣಿಸಿಕೊಂಡರೆ ಅದನ್ನು ಉಷ್ಣಾಘಾತವೆಂದೇ ಭಾವಿಸಿ 108ಕ್ಕೆ ಕರೆ ಮಾಡತಕ್ಕದ್ದು. ವಾಹನ ಬರುವವರೆಗೆ ಬಟ್ಟೆ ಕಳಚಿ, ಮೈಯೆಲ್ಲ ನೀರಿನಿಂದ ತೋಯಿಸಿ, ಬಿಡದೆ ಗಾಳಿ ಹಾಕುತ್ತಿರಬೇಕು. ಆಸ್ಪತ್ರೆಯ ದಾರಿಯಲ್ಲಿಯೂ ಇದನ್ನು ನಿಲ್ಲಿಸಬಾರದು. ಎಚ್ಚರ ತಪ್ಪಿದ ಮಗುವಿನ ಬಾಯಿಗೆ ನೀರು ಹಾಕಿದರೆ ಅದು ಶ್ವಾಸನಾಳಕ್ಕೆ ಇಳಿಯುತ್ತದೆ. ಜ್ವರದ ಔಷಧದಿಂದ ಈ ಬಿಸಿ ಇಳಿಯುವುದಿಲ್ಲ. ಅದನ್ನು ಕುಡಿಸಿ ಕಾಯುತ್ತ ಕೂರುವುದರಿಂದ ಅಮೂಲ್ಯ ಸಮಯ ವ್ಯರ್ಥವಾಗುತ್ತದೆ.

108ಕ್ಕೆ ಕರೆ ಮಾಡುವವರು ಬಿಡಾರವಿರುವ ಜಾಗದ ಗುರುತು, ಮಗುವಿನ ವಯಸ್ಸು ಮತ್ತು ಮಗು ಎಚ್ಚರವಿದೆಯೇ ಎಂಬುದನ್ನು ಮೊದಲು ತಿಳಿಸಬೇಕು. ಜಾತ್ರೆಯ ಗದ್ದಲದಲ್ಲಿ ವಾಹನಕ್ಕೆ ದಾರಿ ತೋರಿಸಲು ಒಬ್ಬರನ್ನು ಮುಖ್ಯ ರಸ್ತೆಗೆ ಕಳುಹಿಸುವುದು ಒಳ್ಳೆಯದು. ಪ್ರಯಾಣಕ್ಕೆ ಮುನ್ನ ಓಆರ್‌ಎಸ್ ಪೊಟ್ಟಣಗಳನ್ನು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಥವಾ ಆಶಾ ಕಾರ್ಯಕರ್ತೆಯರಲ್ಲಿ ಉಚಿತವಾಗಿ ಪಡೆಯಬಹುದು. ಇದಕ್ಕಾಗಿ ಯಾವುದೇ ಅರ್ಜಿ ಸಲ್ಲಿಸಬೇಕಾಗಿಲ್ಲ.