ಸಾಮಾನು ಸಾಗಣೆ: ತಡವಾಗಿ ಬಂದ ಬೇಡಿಕೆ ಪತ್ರ

ಹೈದರಾಬಾದಿನ ಕಾಚಿಗುಡದಲ್ಲಿ ನೆಲೆಸಿದ್ದ ಕನ್ನಡ ಕುಟುಂಬವೊಂದು ವರ್ಗಾವಣೆಯ ನಿಮಿತ್ತ ಕಲಬುರಗಿಗೆ ಮನೆ ಬದಲಿಸಿತೆಂದು ಭಾವಿಸೋಣ. ಸಾಗಣೆ ಸಂಸ್ಥೆಯವರು ಸಾಮಾನುಗಳನ್ನು ಕಣ್ಣಾರೆ ನೋಡಿ 24,000 ರೂಪಾಯಿಗೆ ಒಪ್ಪಿರುತ್ತಾರೆ. ಸಾಮಾನು ತಲುಪಿ, ಹಣವೂ ಸಂದಾಯವಾಗಿ, ಐದು ತಿಂಗಳು ಕಳೆದ ಮೇಲೆ ಪತ್ರವೊಂದು ಬರುತ್ತದೆ. ತೂಕದ ವ್ಯತ್ಯಾಸ, ಕೂಲಿ ಹಾಗೂ ತೆರಿಗೆಯ ಬಾಬ್ತು ಇನ್ನೂ 9,500 ರೂಪಾಯಿಯನ್ನು ಏಳು ದಿನಗಳೊಳಗೆ ಕೊಡತಕ್ಕದ್ದು, ತಪ್ಪಿದಲ್ಲಿ ಕಾನೂನು ಕ್ರಮ.

ಇಂತಹ ಪತ್ರ ಕಂಡೊಡನೆ ಹೆದರಿ ಹಣ ಕಟ್ಟುವವರುಂಟು, ಹರಿದೆಸೆಯುವವರೂ ಉಂಟು. ಎರಡೂ ವಿವೇಕವಲ್ಲ.

ತಡವಾಯಿತೆಂಬ ಒಂದೇ ಕಾರಣದಿಂದ ಬೇಡಿಕೆ ಬಿದ್ದುಹೋಗುವುದಿಲ್ಲ. 1963ರ ಕಾಲಮಿತಿ ಕಾಯಿದೆಯ ಮೇರೆಗೆ, ಮಾಡಿದ ಕೆಲಸದ ಬೆಲೆಗಾಗಿ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷಗಳ ಅವಕಾಶವಿದೆ. ಆದರೆ ಬಾಕಿ ಇದೆಯೆಂದು ರುಜುವಾತುಪಡಿಸುವ ಹೊಣೆ ಕೇಳುವವರದು. ಒಪ್ಪಿದ ದರವನ್ನು ಒಂದು ಪಕ್ಷವೇ ಏರಿಸಲಾಗದು. ಕರಾರಿನ ಬದಲಾವಣೆಗೆ ಉಭಯತ್ರರ ಸಮ್ಮತಿ ಬೇಕು.

ಆದುದರಿಂದ ಮೊದಲು ನೋಡಬೇಕಾದುದು ಮನೆಯಲ್ಲಿರುವ ಕಾಗದಗಳನ್ನು: ದರಪಟ್ಟಿ, ಸಾಮಾನುಗಳ ಯಾದಿ, ಸರಕು ರಸೀದಿ, ಹಣ ಕೊಟ್ಟ ರಸೀದಿ. ದರಪಟ್ಟಿಯಲ್ಲಿ "ತೆರಿಗೆ ಪ್ರತ್ಯೇಕ" ಎಂದಿದ್ದರೆ ಆ ಭಾಗ ನ್ಯಾಯವಾಗಿಯೇ ಬಾಕಿಯಾಗಿರಬಹುದು. ಹೊರಡುವ ದಿನ ಯಾದಿಯಲ್ಲಿಲ್ಲದ ಬೀರುವನ್ನು ಲಾರಿಗೆ ಏರಿಸಿದ್ದರೆ ಅದರ ಕೂಲಿ ಕೇಳುವುದು ಅನ್ಯಾಯವೆನ್ನಲಾಗದು. ಯಾವ ಆಧಾರವೂ ಇಲ್ಲದ "ತೂಕದ ವ್ಯತ್ಯಾಸ"ದ ಮಾತು ಬೇರೆ. ತೂಕದ ಚೀಟಿಯನ್ನು ಕೇಳಿ ಪಡೆಯಬೇಕು. ಸರಕು ಮತ್ತು ಸೇವಾ ತೆರಿಗೆ ಕೇಳುವವರ ಬಿಲ್ಲಿನಲ್ಲಿ 15 ಅಕ್ಷರಾಂಕಿಗಳ ನೋಂದಣಿ ಸಂಖ್ಯೆ ಇರಬೇಕು. ತೆಲಂಗಾಣದ ನೋಂದಣಿ 36ರಿಂದಲೂ ಕರ್ನಾಟಕದ್ದು 29ರಿಂದಲೂ ಆರಂಭವಾಗುತ್ತದೆ.

ಉತ್ತರವನ್ನು ಬರಹದಲ್ಲಿಯೇ ಕೊಡುವುದು ಲೇಸು. ಒಪ್ಪಿದ ಮೊತ್ತ, ಕೊಟ್ಟ ದಿನಾಂಕ, ಒಪ್ಪದಿರುವ ಬಾಬುಗಳನ್ನು ತಿಳಿಸಿ, ತಲುಪಿದ ದಾಖಲೆ ಸಿಗುವಂತೆ ಅಂಚೆಯಲ್ಲಿ ಕಳುಹಿಸಬೇಕು. ಸೌಜನ್ಯಕ್ಕಾಗಿ "ಮುಂದೆ ಕೊಡುತ್ತೇವೆ" ಎಂದು ಬರೆಯುವುದು ಸಲ್ಲದು. ಅವಧಿಯೊಳಗೆ ಸಹಿ ಹಾಕಿ ಸಾಲ ಒಪ್ಪಿದರೆ, ಅಂದಿನಿಂದ ಕಾಲಮಿತಿ ಹೊಸದಾಗಿ ಎಣಿಕೆಯಾಗುತ್ತದೆ.

ಸಾಮಾನು ಒಡೆದಿದ್ದರೆ ಇನ್ನೊಂದು ಎಚ್ಚರಿಕೆ ಅಗತ್ಯ. 2007ರ ರಸ್ತೆ ಸಾಗಣೆ ಕಾಯಿದೆಯ ಪ್ರಕಾರ, ನಷ್ಟಕ್ಕಾಗಿ ಸಾಗಣೆದಾರರ ಮೇಲೆ ದಾವೆ ಹೂಡಬೇಕಾದರೆ ಸರಕು ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ ಲಿಖಿತ ನೋಟಿಸು ಕೊಟ್ಟಿರಬೇಕು. ಮೇಲಿನ ಕುಟುಂಬಕ್ಕೆ ಉಳಿದಿರುವುದು ಹೆಚ್ಚೆಂದರೆ ಒಂದು ತಿಂಗಳು.

ಪತ್ರ ವ್ಯವಹಾರದಿಂದ ಪ್ರಯೋಜನವಾಗದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕನ್ನಡದಲ್ಲಿಯೇ ದೂರು ಹೇಳಬಹುದು. ಅನಂತರ ಜಿಲ್ಲಾ ಗ್ರಾಹಕ ಆಯೋಗವಿದೆ. ಉಭಯತ್ರರು ಒಪ್ಪಿದ್ದಕ್ಕಿಂತ ಹೆಚ್ಚಿನ ಬೆಲೆ ವಿಧಿಸುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ದೂರಿಗೆ ಆಧಾರವೆಂದು ಹೆಸರಿಸಿಯೇ ಹೇಳಿದೆ. 1986ರ ಕಾಯಿದೆಯಡಿ ಎದುರು ಪಕ್ಷದವರಿರುವ ಅಥವಾ ವ್ಯಾಜ್ಯಕಾರಣ ಉಂಟಾದ ಊರಿನಲ್ಲಿ ದೂರು ಕೊಡಬೇಕಿತ್ತು. 2020ರ ಜುಲೈ 20ರಂದು ಜಾರಿಗೆ ಬಂದ ಹೊಸ ಕಾಯಿದೆಯಡಿ ಗ್ರಾಹಕರು ವಾಸಿಸುವ ಊರಿನಲ್ಲಿಯೂ ಕೊಡಬಹುದು. ಕಲಬುರಗಿಯವರು ಹೈದರಾಬಾದಿಗೆ ಅಲೆಯಬೇಕಾಗಿಲ್ಲ. ಕೊಟ್ಟ ಪ್ರತಿಫಲ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಕಾರಣ ಉಂಟಾದ ದಿನದಿಂದ ಎರಡು ವರ್ಷಗಳೊಳಗೆ ದೂರು ಸಲ್ಲಬೇಕು.

ಸಂಸ್ಥೆಯ ಪರವಾಗಿ ಬರುವ ವಕೀಲರ ನೋಟಿಸು ನ್ಯಾಯಾಲಯದ ಆದೇಶವಲ್ಲ. ಅದಕ್ಕೆ ಮೇಲಿನ ಉತ್ತರವನ್ನೇ ಪ್ರತಿಗಳೊಡನೆ ಕಳುಹಿಸಿದರೆ ಸಾಕು. ನ್ಯಾಯಾಲಯದಿಂದಲೇ ಸಮನ್ಸ್ ಬಂದರೆ ಮಾತ್ರ ಗೊತ್ತುಪಡಿಸಿದ ದಿನ ಹಾಜರಾಗತಕ್ಕದ್ದು. ಗೈರುಹಾಜರಾದಲ್ಲಿ ಏಕಪಕ್ಷೀಯ ತೀರ್ಪಾಗಬಹುದು.